ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಹೋಗುವವರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳು ಎಷ್ಟಿರುತ್ತಾರೋ, ಮಕ್ಕಳ ಮನೆಗೆಂದು ಮೊದಲ ಸಲ ಹೊರಟ ತಂದೆತಾಯಿಯರೂ ಅಷ್ಟೇ ಇರುತ್ತಾರೆ. ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ದೂರದ ಪ್ರಶ್ನೆಗೂ ಹೊತ್ತಿನ ಪ್ರಶ್ನೆಗೂ ಒಂದೊಂದೇ ಅಂಕಿಯಲ್ಲಿ ಉತ್ತರ ಹೇಳಿಬಿಟ್ಟರೆ ಅದು ಅರ್ಧ ಉತ್ತರವಾಗುತ್ತದೆ ಎಂಬ ಕಾರಣಕ್ಕೆ ಇಲ್ಲಿ ಕೆಲವು ಉತ್ತರಗಳು ಉದ್ದವಾಗಿವೆ.

ಎರಡು ನಿಲ್ದಾಣಗಳ ನಡುವಿನ ದೂರ ಎಷ್ಟು?

ಭೂಮಿಯ ಮೇಲ್ಮೈಯನ್ನು ಅನುಸರಿಸಿ ಅಳೆದ ಅತಿ ಹತ್ತಿರದ ದಾರಿ ಸುಮಾರು 13,990 ಕಿಲೋಮೀಟರ್. ಮೈಲಿಯಲ್ಲಿ ಹೇಳುವುದಾದರೆ ಸುಮಾರು 8,690. ವೈಮಾನಿಕರು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 7,550. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ದೂರವನ್ನು ಒಂದೊಂದು ಕಡೆ ಒಂದೊಂದು ಅಳತೆಯಲ್ಲಿ ಹೇಳುವುದರಿಂದ, ಯಾವುದು ಯಾವ ಮೈಲಿ ಎಂದು ನೋಡಿಕೊಳ್ಳದೆ ಲೆಕ್ಕ ಹಾಕಿದವರಿಗೆ ಗೊಂದಲವಾಗುವುದು ಸಹಜ.

ಒಂದು ಕಡೆ 14,000, ಇನ್ನೊಂದು ಕಡೆ 15,700, ಮತ್ತೊಂದು ಕಡೆ 16,500 ಎಂದಿರುತ್ತದೆ. ಯಾವುದು ಸರಿ?

ಮೂರೂ ಸರಿಯಿರಬಹುದು, ಏಕೆಂದರೆ ಅವು ಮೂರು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು. ಮೊದಲನೆಯದು ಎರಡು ಬಿಂದುಗಳ ನಡುವಿನ ಕನಿಷ್ಠ ದೂರ. ಉಳಿದವು ನಡುವೆ ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಿ ಹೋಗುವಾಗಿನ ಒಟ್ಟು ದೂರ. ಇವಲ್ಲದೆ ವಿಮಾನವು ಆ ದಿನ ನಿಜವಾಗಿ ಹಾರಿದ ದೂರ ಎಂಬ ನಾಲ್ಕನೆಯ ಅಂಕಿಯೂ ಉಂಟು. ಗಾಳಿ, ಮೋಡ, ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನು ಅವಲಂಬಿಸಿ ಅದು ದಿನಕ್ಕೊಂದು ರೀತಿ ಇರುತ್ತದೆ. ತಡೆರಹಿತ ಹಾರಾಟವೂ 13,990 ಕಿಲೋಮೀಟರಿನ ಗೆರೆಯ ಮೇಲೆಯೇ ಹೋಗುವುದು ಅಪರೂಪ.

ಅಮೆರಿಕ ಪಶ್ಚಿಮಕ್ಕಿದೆ ಎನ್ನುತ್ತೇವೆ. ಹಾಗಿದ್ದರೂ ವಿಮಾನ ಉತ್ತರಕ್ಕೋ ಪೂರ್ವಕ್ಕೋ ಏಕೆ ಹೋಗುತ್ತದೆ?

ನಮ್ಮ ಕಣ್ಣಿಗೆ ಅಭ್ಯಾಸವಾಗಿರುವುದು ಶಾಲೆಯ ಗೋಡೆಯ ನಕ್ಷೆ. ಮೂಸಂಬಿಯ ಸಿಪ್ಪೆಯನ್ನು ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಹೋದರೆ ಅದು ಅಲ್ಲಲ್ಲಿ ಹರಿಯುತ್ತದೆ. ಹರಿಯದಂತೆ ಹರಡಬೇಕೆಂದರೆ ಕೆಲವು ಭಾಗಗಳನ್ನು ಎಳೆದು ಹಿಗ್ಗಿಸಬೇಕು. ನಕ್ಷೆಯಲ್ಲಿ ಹೀಗೆ ಹಿಗ್ಗಿರುವುದು ಧ್ರುವದ ಕಡೆಯ ಭಾಗ. ಆದ್ದರಿಂದಲೇ ಸೈಬೀರಿಯ, ಅಲಾಸ್ಕಾಗಳ ಮೇಲಿನ ದಾರಿ ನಕ್ಷೆಯಲ್ಲಿ ಬಹಳ ಸುತ್ತಾಗಿ ಕಾಣುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರವನ್ನು ಬೆಂಗಳೂರಿನ ಮೇಲೂ ಸ್ಯಾನ್ ಫ್ರಾನ್ಸಿಸ್ಕೊ ಮೇಲೂ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ. ಈ ಗೆರೆಗೆ ಮಹಾವೃತ್ತದ ಗೆರೆ ಎಂದು ಹೆಸರು.

ಆ ಗೆರೆ ದೇವನಹಳ್ಳಿಯಿಂದ ಉತ್ತರಕ್ಕೆ, ಸುಮಾರು 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ ಹೊರಡುತ್ತದೆ. ತೆಲಂಗಾಣ, ಉತ್ತರ ಪ್ರದೇಶದ ಪೂರ್ವ ಭಾಗ, ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯಗಳನ್ನು ದಾಟಿ, ಆರ್ಕ್ಟಿಕ್ ಸಾಗರದ ತೀರದ ಬಳಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಅಲಾಸ್ಕಾದ ಮೇಲೆ ಇಳಿಯುತ್ತಾ ಕೆನಡಾದ ಪಶ್ಚಿಮ ಕರಾವಳಿಯ ಪಕ್ಕದಲ್ಲಿ ಕ್ಯಾಲಿಫೋರ್ನಿಯಾ ಸೇರುತ್ತದೆ. ಅಂದರೆ ಕಡಿಮೆ ದೂರದ ದಾರಿಯಲ್ಲಿ ಅಟ್ಲಾಂಟಿಕ್ ಸಾಗರ ಬರುವುದೇ ಇಲ್ಲ, ಯೂರೋಪ್ ಕೂಡ ಇಲ್ಲ. ಬೆಂಗಳೂರಿನ ರೇಖಾಂಶಕ್ಕೂ ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶಕ್ಕೂ 160 ಡಿಗ್ರಿ ಅಂತರವಿದೆ. 180 ಆಗಿದ್ದರೆ ಎರಡೂ ಊರುಗಳು ಉತ್ತರ ಧ್ರುವದ ಎರಡು ಬದಿಗಳಲ್ಲಿ ಸರಿಯಾಗಿ ಎದುರುಬದುರಾಗಿ ಇರುತ್ತಿದ್ದವು, ಕನಿಷ್ಠ ದಾರಿ ಧ್ರುವದ ಮೇಲೆಯೇ ಹೋಗುತ್ತಿತ್ತು. ಇಷ್ಟು ಎದುರುಬದುರಾಗಿರುವ ಊರುಗಳ ನಡುವೆ ಪೂರ್ವದ ದಾರಿಗೂ ಧ್ರುವದ ದಾರಿಗೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಹೀಗಾಗಿಯೇ ವಿಮಾನ ಸಂಸ್ಥೆಗೆ ಗಾಳಿ ನೋಡಿ ದಾರಿ ಆರಿಸಿಕೊಳ್ಳುವ ಅನುಕೂಲ ಸಿಗುತ್ತದೆ.

ಹಾಗಾದರೆ ಉತ್ತರ ಧ್ರುವದ ಮೇಲೆಯೇ ಹಾರಿದ್ದು ನಿಜವೇ?

ನಿಜ. ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಧ್ರುವದ ಮೇಲಿನ ದಾರಿಯಲ್ಲಿ ಹಾರಿ, ಜನವರಿ 11ರ ಸೋಮವಾರ ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿಯಿತು. ಬೋಯಿಂಗ್ 777-200ಎಲ್‌ಆರ್ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವರೆ ಮತ್ತು ಕ್ಯಾಪ್ಟನ್ ಶಿವಾನಿ ಮನ್ಹಾಸ್.

ಲೆಕ್ಕ ಹಾಕಿದರೆ, ಸ್ಯಾನ್ ಫ್ರಾನ್ಸಿಸ್ಕೊದಿಂದ ನೆಟ್ಟಗೆ ಧ್ರುವಬಿಂದುವಿಗೆ ಹೋಗಿ ಅಲ್ಲಿಂದ ನೆಟ್ಟಗೆ ಬೆಂಗಳೂರಿಗೆ ಇಳಿದರೂ ಆಗುವುದು ಸುಮಾರು 14,360 ಕಿಲೋಮೀಟರ್. ಕನಿಷ್ಠ ದಾರಿಗಿಂತ 370 ಕಿಲೋಮೀಟರಿನಷ್ಟು ಮಾತ್ರ ಹೆಚ್ಚು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವುದಕ್ಕಿಂತಲೂ ಕಡಿಮೆ. ಆದರೂ ಧ್ರುವದ ಮೇಲೆ ಪ್ರತಿದಿನ ಹಾರುವುದು ಸುಲಭವಲ್ಲ. ಅಲ್ಲಿ ಅಯಸ್ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ, ತುರ್ತಾಗಿ ಇಳಿಯಬಲ್ಲ ನಿಲ್ದಾಣಗಳು ವಿರಳ, ಮತ್ತು ಇಂಧನವೇ ಹೆಪ್ಪುಗಟ್ಟುವ ಭಯವಿರುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ನಮ್ಮಲ್ಲಿ ಬಳಸುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ಹೊರಗಿನ ಗಾಳಿ ಇದಕ್ಕಿಂತಲೂ ತಣ್ಣಗಿರುವುದು ಮಾಮೂಲು. ಆದ್ದರಿಂದ ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿದ್ದು, ಅದು ಮಿತಿಗೆ ಹತ್ತಿರವಾದರೆ ಕೆಳಗಿನ ಎತ್ತರಕ್ಕೆ ಇಳಿಯುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ.

ತಡೆರಹಿತ ವಿಮಾನದಲ್ಲಿ ಎಷ್ಟು ಗಂಟೆ ಬೇಕು?

ಬೆಂಗಳೂರಿನಿಂದ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17ರಿಂದ 17.5 ಗಂಟೆ ಎಂದು ಇಟ್ಟುಕೊಳ್ಳಬಹುದು.

ಹೋಗುವಾಗ ಕಡಿಮೆ, ಬರುವಾಗ ಹೆಚ್ಚು ಏಕೆ?

ಜೆಟ್ ಪ್ರವಾಹ ಇದಕ್ಕೆ ಮುಖ್ಯ ಕಾರಣ. ಭೂಮಿಯಿಂದ 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಬಲವಾದ ಗಾಳಿ ಇದು. ಚಳಿಗಾಲದಲ್ಲಿ ಜಪಾನಿನ ಮೇಲೂ ಅದರಾಚೆಯ ಪೆಸಿಫಿಕ್ ಸಾಗರದ ಮೇಲೂ ಇದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದು ಸಾಮಾನ್ಯ, ಒಮ್ಮೊಮ್ಮೆ 300 ಕೂಡ ದಾಟುತ್ತದೆ. ಹೊಳೆಯ ಹರಿವಿನ ಜೊತೆ ಹೋಗುವ ದೋಣಿಗೂ ಹರಿವಿಗೆ ಎದುರಾಗಿ ಬರುವ ದೋಣಿಗೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ.

ಒಂದು ಲೆಕ್ಕ ಮಾಡಿ ನೋಡೋಣ. ದೊಡ್ಡ ಜೆಟ್ ವಿಮಾನ ಗಾಳಿಯ ನೆರವಿಲ್ಲದೆ ಗಂಟೆಗೆ ಸುಮಾರು 900 ಕಿಲೋಮೀಟರ್ ಹಾರುತ್ತದೆ ಎಂದುಕೊಳ್ಳಿ. ಬೆಂಗಳೂರಿನಿಂದ ಬಂಗಾಳ ಕೊಲ್ಲಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ದಾಟುವ 14,800 ಕಿಲೋಮೀಟರಿನ ಸುತ್ತುದಾರಿ ಹಿಡಿದರೂ, ಬೆನ್ನಗಾಳಿ ಸರಾಸರಿ 60 ಕಿಲೋಮೀಟರ್ ಸಿಕ್ಕರೆ ಸುಮಾರು 15 ಗಂಟೆ 25 ನಿಮಿಷದಲ್ಲಿ ದಾರಿ ಮುಗಿಯುತ್ತದೆ. ಅದೇ ವಿಮಾನ ವಾಪಸು ಬರುವಾಗ 14,400 ಕಿಲೋಮೀಟರಿನ ಚಿಕ್ಕ ದಾರಿಯಲ್ಲಿ ಬಂದರೂ, ಎದುರುಗಾಳಿ ಸರಾಸರಿ 50 ಕಿಲೋಮೀಟರ್ ಇದ್ದರೆ ಸುಮಾರು 16 ಗಂಟೆ 55 ನಿಮಿಷ ಬೇಕು. ಉದ್ದದ ದಾರಿ ಬೇಗ ಮುಗಿಯಿತು, ಗಿಡ್ಡ ದಾರಿ ತಡವಾಯಿತು. ದೂರವನ್ನು ವೇಗದಿಂದ ಭಾಗಿಸಿ ಹೊತ್ತು ಹೇಳುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳನ್ನು ನಾನು ಅಂದಾಜಿಗೆ ಮಾತ್ರ ಬಳಸುವುದು ಇದೇ ಕಾರಣಕ್ಕೆ. ಅವು ಹೋಗುವುದಕ್ಕೂ ಬರುವುದಕ್ಕೂ ಒಂದೇ ಉತ್ತರ ಕೊಡುತ್ತವೆ.

ಭೂಮಿ ಪೂರ್ವಕ್ಕೆ ತಿರುಗುತ್ತದೆಯಲ್ಲ? ಅದರ ವಿರುದ್ಧ ದಿಕ್ಕಿನಲ್ಲಿ ಹೋದರೆ ಬೇಗ ತಲುಪಬೇಕಲ್ಲವೇ?

ಇಲ್ಲ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ನೆಲದಿಂದ ಏಳುವ ವಿಮಾನಕ್ಕೂ ಆ ವೇಗ ಮೊದಲೇ ಇರುತ್ತದೆ. ಓಡುವ ರೈಲಿನೊಳಗೆ ಮೇಲಕ್ಕೆಸೆದ ನಾಣ್ಯ ಹಿಂದಿನ ಬೋಗಿಗೆ ಹೋಗದೆ ನಮ್ಮ ಕೈಗೇ ಬೀಳುತ್ತದೆ. ಭೂಮಿಯ ತಿರುಗುವಿಕೆ ಗಾಳಿಯ ಹರಿವನ್ನು ರೂಪಿಸುತ್ತದೆ ಎಂಬುದು ನಿಜ, ಹಾರಾಟದ ಹೊತ್ತಿನ ಮೇಲೆ ಅದರ ಪ್ರಭಾವ ಆ ಗಾಳಿಯ ಮೂಲಕವೇ.

ಟಿಬೆಟ್ ಮೇಲಿನ ದಾರಿ ಹತ್ತಿರವಾದರೆ ವಿಮಾನಗಳು ಅದನ್ನು ಏಕೆ ತಪ್ಪಿಸುತ್ತವೆ?

ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಇಳಿದರೆ ಪೈಲಟ್‌ಗಳು ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಏಕೆಂದರೆ ಅಲ್ಲಿ ಆಮ್ಲಜನಕದ ಮುಖವಾಡ ಇಲ್ಲದೆ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರದಲ್ಲಿದೆ. ಪ್ರಯಾಣಿಕರ ಮುಖವಾಡಗಳಿಗೆ ಆಮ್ಲಜನಕ ಬರುವುದು ಸಾಮಾನ್ಯವಾಗಿ 15ರಿಂದ 20 ನಿಮಿಷ ಮಾತ್ರ. ಅಷ್ಟರೊಳಗೆ ಆ ವಿಶಾಲ ಪ್ರಸ್ಥಭೂಮಿಯನ್ನು ದಾಟಿ ತಗ್ಗಿನ ಪ್ರದೇಶ ಸೇರುವುದು ಕಷ್ಟ. ಎರಡು ಎಂಜಿನ್‌ಗಳಲ್ಲಿ ಒಂದು ನಿಂತರೂ ಇದೇ ಪೇಚು. ಹೀಗಾಗಿ ಗ್ಲೋಬಿನ ಮೇಲೆ ದಾರ ತೋರಿಸುವ ದಾರಿಯನ್ನು ಬಿಟ್ಟು, ಪ್ರಸ್ಥಭೂಮಿಯನ್ನು ಪೂರ್ವದಿಂದಲೋ ಪಶ್ಚಿಮದಿಂದಲೋ ಬಳಸಿ ಹೋಗುತ್ತಾರೆ.

ನಡುದಾರಿಯಲ್ಲಿ ತೊಂದರೆಯಾದರೆ ವಿಮಾನ ಎಲ್ಲಿ ಇಳಿಯುತ್ತದೆ?

ಎರಡು ಎಂಜಿನ್‌ಗಳ ವಿಮಾನ ತನ್ನ ದಾರಿಯುದ್ದಕ್ಕೂ, ಒಂದೇ ಎಂಜಿನ್ನಿನಲ್ಲಿ ಹಾರಿದರೂ ನಿಗದಿತ ನಿಮಿಷಗಳೊಳಗೆ ತಲುಪಬಲ್ಲ ಒಂದು ನಿಲ್ದಾಣ ಇರುವಂತೆ ದಾರಿಯನ್ನು ಯೋಜಿಸಿಕೊಳ್ಳಬೇಕು. ರಷ್ಯದ ಪೂರ್ವ ಭಾಗ, ಅಲಾಸ್ಕಾ, ಜಪಾನ್‌ಗಳ ನಿಲ್ದಾಣಗಳು ಈ ಕೆಲಸಕ್ಕೆ ಬರುತ್ತವೆ. ಇದು ಬರಿಯ ಕಾಗದದ ನಿಯಮವಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ, ಒಂದು ಎಂಜಿನ್ನಿನಲ್ಲಿ ತಾಂತ್ರಿಕ ದೋಷ ಕಂಡದ್ದರಿಂದ ರಷ್ಯದ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಅದರಲ್ಲಿ 216 ಪ್ರಯಾಣಿಕರಿದ್ದರು. ಮತ್ತೊಂದು ವಿಮಾನ ಹೋಗಿ ಅವರನ್ನು ಕರೆದೊಯ್ಯಿತು.

ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುವುದು ಹೇಗೆ?

ಭಾರತದ ಗಡಿಯಾರ ಕ್ಯಾಲಿಫೋರ್ನಿಯಾದ ಗಡಿಯಾರಕ್ಕಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಮುಂದಿರುತ್ತದೆ. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್ ತಿಂಗಳ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ.

ಜನವರಿಯ ಒಂದು ಸೋಮವಾರ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ, ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಿಗ್ಗೆ 6.30 ಆಗಿರುತ್ತದೆ. ಅದರಿಂದ 13.30 ಗಂಟೆ ಕಳೆಯಿರಿ: ಅಲ್ಲಿ ಸೋಮವಾರ ಸಂಜೆ 5 ಗಂಟೆ. ಎರಡೂವರೆ ಗಂಟೆಯ ಪ್ರಯಾಣದಂತೆ ಟಿಕೆಟ್ಟಿನಲ್ಲಿ ಕಂಡರೂ ಕಾಲುಗಳಿಗೆ ಸತ್ಯ ಗೊತ್ತಿರುತ್ತದೆ. ವಾಪಸು ಬರುವಾಗ ಹೀಗೆ ಗಳಿಸಿದ ದಿನವನ್ನು ಹಿಂದಿರುಗಿಸಬೇಕು. ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಟು 17 ಗಂಟೆ 30 ನಿಮಿಷ ಹಾರಿದರೆ ಬೆಂಗಳೂರಿನಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ 3.30ಕ್ಕೆ. ಭಾನುವಾರ ಆಕಾಶದಲ್ಲೇ ಮುಗಿದಿರುತ್ತದೆ. ಮದುವೆ, ಗೃಹಪ್ರವೇಶಗಳಿಗೆ ಬರುವವರು ಮುಹೂರ್ತದ ದಿನದಿಂದ ಹಿಂದಕ್ಕೆ ಎಣಿಸುವಾಗ ಒಂದಲ್ಲ, ಎರಡು ದಿನ ಬಿಟ್ಟುಕೊಳ್ಳುವುದು ಒಳ್ಳೆಯದು. ನಿಲ್ದಾಣಕ್ಕೆ ಕರೆತರಲು ಹೋಗುವ ಬಂಧುಗಳು ತಾರೀಖು ತಪ್ಪುವುದೂ ಇಲ್ಲಿಯೇ.

ಟಿಕೆಟ್ಟಿನಲ್ಲಿ ನಮೂದಿಸಿದ ಹೊತ್ತು ಆಕಾಶದಲ್ಲಿ ಕಳೆಯುವ ಹೊತ್ತೇ?

ಅಲ್ಲ. ಅದು ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ ಇನ್ನೊಂದು ಗೇಟಿನ ಬಳಿ ನಿಲ್ಲುವವರೆಗಿನ ಹೊತ್ತು. ರನ್‌ವೇವರೆಗೆ ನೆಲದ ಮೇಲೆ ಉರುಳುವುದು, ಸರದಿಗಾಗಿ ಕಾಯುವುದು ಎಲ್ಲವೂ ಅದರಲ್ಲಿ ಸೇರಿದೆ.

ಬೆಂಗಳೂರಿನಿಂದ ಹೊರಡುವುದೇ ಕಷ್ಟ ಎನ್ನುತ್ತಾರೆ. ಏಕೆ?

ಕೆಂಪೇಗೌಡ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಕೊಲ್ಲಿಯ ನೀರಿನ ಪಕ್ಕದಲ್ಲೇ ಇದೆ. ಎತ್ತರದಲ್ಲಿ ಗಾಳಿ ತೆಳುವು. ಬಿಸಿಲಿದ್ದರೆ ಇನ್ನೂ ತೆಳುವು. ತೆಳುಗಾಳಿಯಲ್ಲಿ ರೆಕ್ಕೆಗಳಿಗೆ ಸಿಗುವ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ತಗ್ಗುತ್ತವೆ. 16 ಗಂಟೆಗೆ ಬೇಕಾದ ಇಂಧನ ತುಂಬಿಸಿಕೊಂಡ ವಿಮಾನ ಮೊದಲೇ ಭಾರವಾಗಿರುತ್ತದೆ. 777-200ಎಲ್‌ಆರ್‌ನ ತೊಟ್ಟಿಗಳಲ್ಲಿ 1,80,000 ಲೀಟರಿಗಿಂತ ಹೆಚ್ಚು ಇಂಧನ ಹಿಡಿಯುತ್ತದೆ. ದೇವನಹಳ್ಳಿಯ ಎರಡೂ ರನ್‌ವೇಗಳು ತಲಾ 4,000 ಮೀಟರ್ ಉದ್ದವಿರುವುದು ಇಲ್ಲಿ ಸಹಾಯಕ್ಕೆ ಬರುತ್ತದೆ. ಅದೂ ಸಾಲದ ದಿನ ಸರಕನ್ನೋ ಒಂದಿಷ್ಟು ಆಸನಗಳನ್ನೋ ಬಿಟ್ಟು ಹೊರಡಬೇಕಾಗುತ್ತದೆ. ಎಚ್‌ಎಎಲ್‌ನ ಹಳೆಯ ನಿಲ್ದಾಣದಿಂದ 2008ರ ಮೇ 24ರಂದು ಇಲ್ಲಿಗೆ ಬಂದದ್ದನ್ನು ದೂರವಾಯಿತೆಂದು ಶಪಿಸಿದವರಲ್ಲಿ ನಾನೂ ಒಬ್ಬ. ಈ ಉದ್ದದ ರನ್‌ವೇಗಳ ಬೆಲೆ ಆಮೇಲೆ ತಿಳಿಯಿತು.

‘ನೇರ’ ಮತ್ತು ‘ತಡೆರಹಿತ’ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ, ಟಿಕೆಟ್ಟಿನಲ್ಲಿ ಬೇರೆ. ತಡೆರಹಿತ ವಿಮಾನ ಎಲ್ಲೂ ಇಳಿಯುವುದಿಲ್ಲ. ನೇರ ವಿಮಾನ ಒಂದೇ ಸಂಖ್ಯೆಯಲ್ಲಿ ಸಾಗಿದರೂ ನಡುವೆ ಒಂದೂರಿನಲ್ಲಿ ಇಳಿದೇಳಬಹುದು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ತಡೆರಹಿತ ಸೇವೆ 2021ರಲ್ಲಿ ಶುರುವಾದ ಮೇಲೆ ನಡುವೆ ನಿಂತು ಮತ್ತೆ ಆರಂಭವಾದದ್ದೂ ಉಂಟು. ಆದ್ದರಿಂದ ಹಳೆಯ ಲೇಖನ ನಂಬಿ ಯೋಜನೆ ಹಾಕದೆ, ನೀವು ಹೊರಡುವ ತಿಂಗಳ ವೇಳಾಪಟ್ಟಿಯನ್ನೇ ನೋಡಬೇಕು.

ನಡುವೆ ವಿಮಾನ ಬದಲಿಸುವುದಾದರೆ ಯಾವ ಊರಿನ ಮೂಲಕ ಹೋದರೆ ಸುತ್ತು ಕಡಿಮೆ?

ಉತ್ತರ ಹಲವರಿಗೆ ಅಚ್ಚರಿ ತರುತ್ತದೆ: ದೆಹಲಿ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,710, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 12,380 ಕಿಲೋಮೀಟರ್, ಕೂಡಿದರೆ 14,090. ಕನಿಷ್ಠ ದಾರಿಗಿಂತ 100 ಕಿಲೋಮೀಟರ್ ಮಾತ್ರ ಹೆಚ್ಚು. ಟೋಕಿಯೊದ ನರೀಟಾ ಮೂಲಕ ಸುಮಾರು 14,930, ಹಾಂಗ್‌ಕಾಂಗ್ ಮೂಲಕ 15,080, ದುಬೈ ಮೂಲಕ 15,720, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,770 ಕಿಲೋಮೀಟರ್ ಆಗುತ್ತದೆ.

ಆದರೆ ಕಿಲೋಮೀಟರ್ ಒಂದನ್ನೇ ನೋಡಿ ಆರಿಸಬೇಡಿ. ದುಬೈಗೆ ಸುಮಾರು 4 ಗಂಟೆ, ಅಲ್ಲಿಂದ ಸುಮಾರು 16 ಗಂಟೆ; ಅಂದರೆ ಎರಡನೆಯ ಕಂತೇ ತಡೆರಹಿತ ಹಾರಾಟದಷ್ಟು ಉದ್ದ. ಫ್ರಾಂಕ್‌ಫರ್ಟ್ ದಾರಿಯಲ್ಲಿ ದೂರ ಹೆಚ್ಚಿದ್ದರೂ 10 ಮತ್ತು 11.5 ಗಂಟೆಗಳ ಎರಡು ಸಮಪಾಲುಗಳಾಗುತ್ತವೆ. ಮಂಡಿನೋವಿರುವ ಹಿರಿಯರಿಗೆ ನಡುವೆ ಎದ್ದು ಓಡಾಡಲು ಸಿಗುವ ಈ ವಿರಾಮವೇ ಮೇಲು ಎಂಬುದು ನನ್ನ ಅನಿಸಿಕೆ. ಹೊಸ ನಿಲ್ದಾಣದಲ್ಲಿ ಗೇಟು ಹುಡುಕುವುದಕ್ಕೆ, ಭಾಷೆಗೆ ಅಂಜುವವರಿಗೆ ತಡೆರಹಿತವೋ ದೆಹಲಿಯೋ ಮೇಲು.

ಅಮೆರಿಕದೊಳಗೆ ಇನ್ನೊಂದು ಊರಿನಲ್ಲಿ ವಿಮಾನ ಬದಲಿಸಿದರೆ ಎಷ್ಟು ಹೊತ್ತು ಬಿಟ್ಟುಕೊಳ್ಳಬೇಕು?

ಅಮೆರಿಕದಲ್ಲಿ ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲಿಯೇ ವಲಸೆ ತಪಾಸಣೆ ಮುಗಿಸಬೇಕು. ಸಾಮಾನ್ಯವಾಗಿ ಪೆಟ್ಟಿಗೆಗಳನ್ನೂ ಅಲ್ಲಿಯೇ ಪಡೆದು ಕಸ್ಟಮ್ಸ್ ದಾಟಿಸಿ ಮತ್ತೆ ಒಪ್ಪಿಸಬೇಕು. ಎರಡು ಗಂಟೆಯ ಅಂತರ ಸಾಲದೆ ಹೋಗಬಹುದು, ಮೂರು ಗಂಟೆ ಇದ್ದರೆ ನೆಮ್ಮದಿ. ಅಬುಧಾಬಿಯ ಮೂಲಕ ಹೋಗುವವರಿಗೆ ಅಮೆರಿಕದ ತಪಾಸಣೆ ಅಬುಧಾಬಿಯಲ್ಲೇ ನಡೆಯುತ್ತದೆ. ಇಳಿದ ಮೇಲೆ ಸ್ವದೇಶಿ ಪ್ರಯಾಣಿಕರಂತೆ ಹೊರನಡೆಯಬಹುದು. ಆದರೆ ಆ ಹೊತ್ತನ್ನು ಅಬುಧಾಬಿಯಲ್ಲಿ ಕೊಡಬೇಕಾಗುತ್ತದೆ.

ಅಷ್ಟು ಹೊತ್ತು ಒಬ್ಬರೇ ಪೈಲಟ್ ಓಡಿಸುತ್ತಾರೆಯೇ?

ಇಲ್ಲ. ಇಷ್ಟು ದೀರ್ಘ ಹಾರಾಟಕ್ಕೆ ಸಾಮಾನ್ಯವಾಗಿ ನಾಲ್ವರು ಪೈಲಟ್‌ಗಳಿದ್ದು, ಸರದಿಯಲ್ಲಿ ಇಬ್ಬರು ಹಾರಿಸುವಾಗ ಇಬ್ಬರು ಪ್ರತ್ಯೇಕ ಜಾಗದಲ್ಲಿ ಮಲಗಿ ವಿಶ್ರಮಿಸುತ್ತಾರೆ.

ದಾರಿಯಲ್ಲಿ ಹಗಲೋ ರಾತ್ರಿಯೋ?

ಋತುವನ್ನೂ ದಾರಿಯನ್ನೂ ಅವಲಂಬಿಸಿದೆ. ಜೂನ್ ತಿಂಗಳಲ್ಲಿ ಆರ್ಕ್ಟಿಕ್ ಕಡೆಯ ದಾರಿಯಲ್ಲಿ ಹೋದರೆ ಸೂರ್ಯ ಗಂಟೆಗಟ್ಟಲೆ ಮುಳುಗುವುದೇ ಇಲ್ಲ. ಡಿಸೆಂಬರಿನಲ್ಲಿ ಅದೇ ದಾರಿಯಲ್ಲಿ ಕತ್ತಲೆ ಮುಗಿಯುವುದಿಲ್ಲ. ಕಿಟಕಿಯ ಬೆಳಕನ್ನು ನೋಡಿ ಹೊತ್ತು ಎಣಿಸಿ ಮಾತ್ರೆ ತೆಗೆದುಕೊಳ್ಳುವುದು ಸರಿಯಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುವವರು ಎಷ್ಟು ಗಂಟೆಗೊಮ್ಮೆ ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಂಡು, ಔಷಧವನ್ನು ಕೈಚೀಲದಲ್ಲೇ ಇಟ್ಟುಕೊಂಡು, ಊರಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಒಂದನ್ನು ಬದಲಾಯಿಸದೆ ಉಳಿಸಿಕೊಳ್ಳಬೇಕು.

ಮನೆಯಿಂದ ಮನೆಗೆ ಒಟ್ಟು ಎಷ್ಟು ಹೊತ್ತು?

ಜಯನಗರದ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಸನಿವೇಲ್ ಊರಿನ ಮನೆಗೆ ಎಂದಿಟ್ಟುಕೊಳ್ಳೋಣ. ಹೆಬ್ಬಾಳದ ದಟ್ಟಣೆ ದಾಟಿ, ಸಾದಹಳ್ಳಿ ಟೋಲ್ ಕಳೆದು ನಿಲ್ದಾಣ ಸೇರಲು, ಕಾರಾದರೂ ವಾಯು ವಜ್ರ ಬಸ್ಸಾದರೂ, ಒಂದೂವರೆಯಿಂದ ಎರಡು ಗಂಟೆ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಎರಡನೆಯ ಟರ್ಮಿನಲ್‌ಗೆ ಬಂದಿವೆ. ಚಾಲಕರಿಗೆ ಅದನ್ನು ಮೊದಲೇ ಹೇಳಿ. ನಿಲ್ದಾಣದಲ್ಲಿ 3 ಗಂಟೆ, ಹಾರಾಟ 16 ಗಂಟೆ, ವಲಸೆ ತಪಾಸಣೆ ಮತ್ತು ಪೆಟ್ಟಿಗೆಗಳಿಗೆ ಒಂದರಿಂದ ಎರಡು ಗಂಟೆ, ಅಲ್ಲಿಂದ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ಎಲ್ಲ ಸೇರಿ 22ರಿಂದ 24 ಗಂಟೆ. ನಡುವೆ ವಿಮಾನ ಬದಲಿಸಿದರೆ 28ರಿಂದ 32 ಗಂಟೆ ಎಂದು ಎಣಿಸಿಕೊಂಡಿರಿ. ಸಂಜೆ ಆರರ ಹೊತ್ತಿಗೆ ಇಳಿದವರನ್ನು ಕರೆತರಲು ಹೋಗುವ ಮಕ್ಕಳು ಹೆದ್ದಾರಿಯ ದಟ್ಟಣೆಗೆ ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳಬೇಕು.